ಎದುರಿನ ತೂಕ

ರಾಜಧಾನಿಯಿಂದ ನನ್ನನ್ನು ಕಳಿಸಿದ್ದರು, ಚೀಲದಲ್ಲಿ
ನಲವತ್ತು ಪ್ರಶ್ನೆ ತುಂಬಿ.
ಮುಂದಾಳುಗಳ ಕನಸನ್ನು ಹೊರಗೆಳೆಯುವುದು ನನ್ನ ಕಸುಬು.
ಹಲ್ಲು ಕೀಳುವವನಿಗೂ ನನಗೂ ಬಹಳ ವ್ಯತ್ಯಾಸವಿಲ್ಲ,
ಅವನು ಮೊದಲು ಮರಗಟ್ಟಿಸುವ ಸೂಜಿಯಾದರೂ ಕೊಡುತ್ತಾನೆ.

ಜಾರ್ಜಿಯಾದ ಒಂದು ಕಣಿವೆ, ಮ್ಯಾಂಗನೀಸಿನ ಊರು.
ನದಿಯೂ ಕಪ್ಪು, ಒಗೆದು ಹರವಿದ ಅಂಗಿಯ ಕಾಲರೂ ಕಪ್ಪು.
ದಂಡೆಯಲ್ಲಿ ಪೇಟೆ, ನೆತ್ತಿಯ ಮೇಲೆ ಮನೆಗಳು,
ನಡುವೆ ಹಗ್ಗ.
ಹಗ್ಗಕ್ಕೆ ಜೋತುಬಿದ್ದ ಎರಡು ತಗಡಿನ ಡಬ್ಬಿ.

ಲಮಾರಾ ಕಪನಾದ್ಜೆ, ವಯಸ್ಸು ನಲವತ್ತೇಳು,
ಹಗ್ಗದಾರಿಯ ಹದಿನೇಳು ಜನರಿಗೆ ಮೇಲಿನವಳು.
ಅವರ ರಜೆ, ಅವರ ಜಗಳ, ಒಬ್ಬನ ಕುಡಿತ,
ಇನ್ನೊಬ್ಬಳ ಮಗಳ ಕಾಲೇಜು ಶುಲ್ಕ, ಎಲ್ಲ ಅವಳ ತಲೆಯಲ್ಲಿ.
ಅವಳ ಕೈಕೆಳಗೆ ಕಲಿತ ಮೂವರು
ಈಗ ಬೇರೆ ಬೇರೆ ಊರಲ್ಲಿ ಸಾಹೇಬರು.

ಇನ್ನೈದು ವರ್ಷಕ್ಕೆ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?
ಮೊದಲ ಪ್ರಶ್ನೆ.
ಅವಳು ಕಿಟಕಿಯತ್ತ ಗದ್ದ ತೋರಿಸಿದಳು:
"ಆ ಮೂರನೇ ಕಂಬದ ಹತ್ತಿರ. ಗಾಳಿ ಜೋರಿದ್ದರೆ ಎರಡನೆಯದು."
ಬರೆದುಕೊಂಡೆ. ಬರೆದದ್ದನ್ನು ಹೊಡೆದುಹಾಕಿದೆ.
ಎರಡನೇ ಪ್ರಶ್ನೆಗೆ ಫೋನು ಬಂತು. ಮೂರನೆಯದಕ್ಕೆ
ಯಾರೋ ಗ್ರೀಸು ಕೇಳಿಕೊಂಡು ಬಂದ.
ನಾಲ್ಕನೆಯದನ್ನು ಕೇಳಲು ನನಗೇ ನಾಚಿಕೆಯಾಯಿತು.

"ಬನ್ನಿ, ಮೇಲೆ ಹೋಗಿ ಬರೋಣ" ಎಂದಳು.

ಡಬ್ಬಿ ನೆಲ ಬಿಟ್ಟಾಗ ನನ್ನ ಹೊಟ್ಟೆ ನೆಲದಲ್ಲೇ ಉಳಿಯಿತು.
ನಡುದಾರಿಯಲ್ಲಿ ಎದುರಿನ ಡಬ್ಬಿ ಪಕ್ಕಕ್ಕೆ ಬಂತು.
ಅದರಲ್ಲೊಬ್ಬ ಮುದುಕಿ, ಎರಡು ಕೋಳಿ, ಟ್ಯೂಬಾ ಅಪ್ಪಿಕೊಂಡ ಹುಡುಗ.
ಇವಳು ಕೈ ಎತ್ತಿದಳು, ಅವರು ಕೈ ಎತ್ತಿದರು, ದಾಟಿಹೋದರು.

"ಒಂದೇ ಹಗ್ಗ. ಅದು ಇಳಿದರೇ ಇದು ಏರುವುದು.
ಮೋಟಾರಿನದು ದೊಡ್ಡ ಕೆಲಸವೇನಲ್ಲ, ಚೂರು ತಳ್ಳುತ್ತದೆ ಅಷ್ಟೆ.
ಎತ್ತುವುದು ಎದುರಿನ ತೂಕ."
ಸ್ವಲ್ಪ ಹೊತ್ತು ಬಿಟ್ಟು,
"ಇಪ್ಪತ್ತೆರಡು ವರ್ಷದಿಂದ ನಾನು ಎದುರಿನದು."

ಚೀಲದ ನಲವತ್ತರಲ್ಲಿ
ಇದರ ಮುಂದಿನ ಪ್ರಶ್ನೆ ಇರಲಿಲ್ಲ.

ಆಗಲೇ ಕರೆಂಟು ಹೋಗಬೇಕೆ.
ಎರಡನೇ ಕಂಬ ದಾಟಿ, ನದಿಯ ನೇರ ಮೇಲೆ,
ಅಂಗಡಿ ಬಾಗಿಲಿಗೆ ಇಳಿಬಿಟ್ಟ ಆಕ್ರೋಟಿನ ಸರದಂತೆ ನಾವಿಬ್ಬರು.
ಕಂಬಿ ಹಿಡಿದ ಕೈ ನನ್ನ ಮಾತು ಕೇಳಲಿಲ್ಲ.
"ಓದಲು ಏನಾದರೂ ಇದೆಯೇ?" ಎಂದೆ. ದೇವರಾಣೆ, ಹೆದರಿ ಕೇಳಿದ್ದು.
ಅವಳ ಬಳಿ ಇದ್ದದ್ದು ಪಾಳಿ ಪುಸ್ತಕ ಒಂದೇ:
ಗಾಳಿಯ ವೇಗ, ಬೋಲ್ಟಿನ ಬಿಗಿ, ಎಣ್ಣೆ, ಸಹಿ.
ತಿರುವುತ್ತ ತಿರುವುತ್ತ ಕೊನೆಯ ಪುಟ ಮುಟ್ಟಿದೆ.

ಪೆನ್ಸಿಲ್ಲಿನಲ್ಲಿ ಇನ್ನೊಂದು ಹಗ್ಗ.
ಆಸ್ಪತ್ರೆಯ ಗೇಟಿನಿಂದ ಬಡಗಣ ದಿಬ್ಬಕ್ಕೆ.
ಐದು ಕಂಬ, ಒಂದೊಂದಕ್ಕೂ ಎತ್ತರ, ಹಗ್ಗ ಜೋಲುವ ಲೆಕ್ಕ,
ಸ್ಟ್ರೆಚರು ಹಿಡಿಸುವಷ್ಟು ಅಗಲದ ಬಾಗಿಲು.
ಬರೆದು ಅಳಿಸಿ ಬರೆದು ಅಳಿಸಿ
ಕಾಗದ ಈರುಳ್ಳಿ ಸಿಪ್ಪೆಯಾಗಿತ್ತು.

"ಅದು... ಸುಮ್ಮನೆ" ಎಂದಳು,
ಹದಿನೇಳು ಜನರನ್ನು ಒಂದೇ ಕೂಗಿಗೆ ನಿಲ್ಲಿಸುವವಳು,
ಬೆಲ್ಲದ ಡಬ್ಬಿಯಲ್ಲಿ ಕೈ ಸಿಕ್ಕಿಬಿದ್ದ ಮಗುವಿನಂತೆ.

ನಾನು ಶಭಾಷ್ ಎನ್ನಲಿಲ್ಲ. ನಿಮ್ಮಿಂದ ಆಗುತ್ತದೆ ಎಂಬ
ನನ್ನ ಹೊಟ್ಟೆಪಾಡಿನ ಮಾತನ್ನೂ ಆಡಲಿಲ್ಲ.
"ನಾಲ್ಕನೇ ಕಂಬ ಯಾಕೆ ಅಷ್ಟು ಕುಳ್ಳು?" ಎಂದೆ.

ಅಷ್ಟೇ.
ಐವತ್ತು ನಿಮಿಷ ಅವಳು ಮಾತಾಡಿದಳು.
ಬಂಡೆಯ ಬಗ್ಗೆ, ಹಿಮದ ಬಗ್ಗೆ, ಒಂದು ಜನವರಿಯಲ್ಲಿ
ಆಸ್ಪತ್ರೆ ಮುಟ್ಟದೆ ಮೆಟ್ಟಿಲ ಮೇಲೆಯೇ ಹೆತ್ತ
ಪಕ್ಕದ ಮನೆಯವಳ ಬಗ್ಗೆ.
ನನ್ನ ಕೈ ಯಾವಾಗ ಕಂಬಿ ಬಿಟ್ಟಿತೋ.
ಕರೆಂಟು ಬಂದಾಗ ಇಬ್ಬರಿಗೂ ಬೇಜಾರಾಯಿತು.

ವರದಿಯಲ್ಲಿ ಬರೆದೆ:
ಕನಸು, ಐದು ಕಂಬ. ನಾಲ್ಕನೆಯದು ಕುಳ್ಳು. ಕಾರಣವಿದೆ.
ನಮೂನೆಯಂತಿಲ್ಲವೆಂದು ಕಂಪನಿ ಹಿಂದಕ್ಕೆ ಕಳಿಸಿತು.

ಅಕ್ಟೋಬರಿನಲ್ಲಿ ಲಮಾರಾ ಫೋನು ಮಾಡಿದಳು.
ಪಾಲಿಟೆಕ್ನಿಕ್ಕಿನ ಸಂಜೆ ತರಗತಿಯಂತೆ,
ಪಕ್ಕದ ಬೆಂಚಿನವನಿಗೆ ಹತ್ತೊಂಬತ್ತಂತೆ, ಅಮ್ಮಾ ಎನ್ನುತ್ತಾನಂತೆ.
ಅರ್ಜಿಯಲ್ಲಿ ಅನುಭವದ ಜಾಗದಲ್ಲಿ ಏನು ತುಂಬಿದಿರಿ, ಕೇಳಿದೆ.
"ಗಾಳಿ. ಇಪ್ಪತ್ತೆರಡು ವರ್ಷದ್ದು."
ಪಾಳಿ?
"ಗೀಗಾ ನೋಡ್ಕೊಳ್ತಾನೆ.
ಸ್ವಲ್ಪ ದಿನ ಅವನು ಇಳೀಲಿ."