ಬಚ್ಚಲ ಗೋಡೆಯ ಲೈನು

ಪುತ್ತರಿ ಕಳೆದ ಮೂರನೇ ದಿನ
ತಂಬುಟ್ಟಿನ ಬೋಗುಣಿಯ ಮುಚ್ಚಳ ತೆಗೆದೆ.
ಮೇಲೆ ಉದುರಿಸಿದ್ದ ಎಳ್ಳು
ಓಡಾಡುತ್ತಿತ್ತು.
'ತಿನ್ನು, ಕಣ್ಣಿಗೆ ಒಳ್ಳೆಯದು' ಎಂದರು ಇವರು.

ಇವರು ವಿರಾಜಪೇಟೆ ಸೆಕ್ಷನ್ನಿನ ಲೈನ್‌ಮನ್.
ಮಳೆಗಾಲವಿಡೀ ಮರ ಬಿದ್ದ ತಂತಿಗಳ ಹಿಂದೆ ಹೋಗಿ
ಚಳಿಗಾಲದಲ್ಲಿ ಮನೆ ಕಂಡವರು.
ಇರುವೆಗೆ ಹೆದರುವ ಜನ ಅಲ್ಲ.

ಹೆದರಿದ್ದು ನಾನೂ ಅಲ್ಲ. ನನ್ನದು ಸಿಟ್ಟು.
ಅರಿಶಿನ ಉದುರಿಸಿದೆ. ದಾಟಿದವು, ಹಳದಿ ಕಾಲಲ್ಲಿ,
ಮದುವೆಗೆ ಹೊರಟವರ ಹಾಗೆ.
ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಕೂರಿಸಿದೆ.
ಮುಳುಗಿದವುಗಳ ಬೆನ್ನ ಮೇಲೆ ಮಿಕ್ಕವು ನಡೆದವು.
ಗಡಿಯಾರ ಕಂಬದ ಹತ್ತಿರ, ಮೊಯ್ದು ಕಾಕನ ಅಂಗಡಿಯಿಂದ
ಇರುವೆ ಸೀಮೆಸುಣ್ಣ ತಂದು
ಸ್ಲ್ಯಾಬಿನ ಸುತ್ತ ಗೆರೆ ಎಳೆದೆ.
ಸ್ವಿಚ್‌ಬೋರ್ಡಿನ ತೂತಿನಿಂದ ಇಳಿದವು.
'ನೋಡು, ಕನ್ಸೀಲ್ಡ್ ವೈರಿಂಗ್' ಎಂದು ಇವರು ಮೆಚ್ಚಿದರು.

ಕೊನೆಗೆ ಬಿರುನಾಣಿಯಿಂದ ಅವ್ವ ಕಳಿಸಿದ ಕಾಚಂಪುಳಿ.
ಹಂದಿಕರಿಗೂ ಹನಿ ಎಣಿಸಿ ಬಿಡುವವಳು
ಚಿಂದಿಗೆ ಸುರಿದೆ, ಕಪ್ಪಗೆ, ದಪ್ಪಗೆ.
ಕಿಟಕಿ, ಕಲ್ಲು, ಬೋರ್ಡು, ಬಾಗಿಲ ಸಂದು ಎಲ್ಲ ಒರೆಸಿದೆ.
ಅಡುಗೆಮನೆ ಒಂದು ವಾರ ಹುಳಿ ನಾತ.
ಇರುವೆ ಒಂದೂ ಇಲ್ಲ.
ಗೆದ್ದೆ ಅಂತ ಪಕ್ಕದ ಕ್ವಾರ್ಟರ್ಸಿನ ರೆಜಿನಾಗೂ ಹೇಳಿ ಬಂದೆ.

ಮರುವಾರ ಸಾಲು ಬಚ್ಚಲಿಗೆ ತಿರುಗಿತ್ತು.
ಅಲ್ಲೇನಿದೆ? ಒಂದು ಸೋಪು, ಹಿಮ್ಮಡಿ ಉಜ್ಜುವ ಕಲ್ಲು.
ತಿನ್ನಿ ಸೋಪು, ಎಂದೆ.

ಇವರಿಗೋ ಈ ಚಳಿಯಲ್ಲೂ ದಾಹ.
ಕೂಜ ಖಾಲಿ ಮಾಡಿಯೇ ಮಲಗುವುದು.
ಕಂಬ ಹತ್ತಿ ಇಳಿದರೆ ಹಾಗೇ, ಎನ್ನುತ್ತಿದ್ದರು.

ಫಾಲ್ಟು ಹುಡುಕುವುದು ಹೇಗೆ ಅಂತ ಇವರೇ ಕಲಿಸಿದ್ದು:
ತಂತಿಯ ಮೇಲೆ ಕಣ್ಣಿಡು, ಒಂದು ಕಂಬವನ್ನೂ ಬಿಡದೆ ನಡಿ.
ಒಂದು ಬೆಳಿಗ್ಗೆ, ನೀರು ಹುಯ್ಯುವ ಮೊದಲು,
ಟಾರ್ಚು ಹಿಡಿದು ಕುಕ್ಕರುಗಾಲಲ್ಲೇ ನಡೆದೆ.
ಸಾಲು ಸೋಪಿಗೆ ಹೋಗಲಿಲ್ಲ.
ಮೂಲೆಯ ಮೋರಿಯ ಹತ್ತಿರ, ಇವರು
ರಾತ್ರಿ ಮೂರು ಸಲ ಎದ್ದು ನಿಲ್ಲುವ ಜಾಗದಲ್ಲಿ
ಗುಂಪು ಕೂಡಿತ್ತು.

ಬಿರುನಾಣಿಯ ದೊಡ್ಡಪ್ಪನ ಮಂಚದಡಿಯ
ಎನಾಮಲ್ ಪಾತ್ರೆ ನೆನಪಾಯಿತು.
ಅದರ ಅಂಚಿಗೂ ಹೀಗೇ ಕೆಂಪು ದಾರ.
ನಾವು ಮಕ್ಕಳು ನಗುತ್ತಿದ್ದೆವು.
ಮುಂದಿನ ಬೇಸಿಗೆ ರಜೆಗೆ ಹೋದಾಗ
ಅವರ ಬಲಗಾಲಲ್ಲಿ ನಾಲ್ಕೇ ಬೆರಳು.

ಆಸ್ಪತ್ರೆಯ ಚೀಟಿ: ಮುನ್ನೂರ ಹನ್ನೆರಡು.
'ಮನೆಗೆ ಇನ್ನೂರ ಮೂವತ್ತು ಸಾಕಲ್ಲ' ಎಂದು ನಕ್ಕರು ಇವರು.
ಡಾಕ್ಟರು ನಗಲಿಲ್ಲ.
ಹೊರಗೆ ಬಂದವರು ಜೀಪಿನ ಬಾಗಿಲು ಹಿಡಿದು
ಸುಮಾರು ಹೊತ್ತು ನಿಂತರು.

ಆ ಸಂಜೆ ಬೊಳ್ಳು ನಾನಾರ್ಥ ಬರೆಯುತ್ತಿದ್ದಳು,
ಐದನೇ ಕ್ಲಾಸಿನ ಹೋಂವರ್ಕು.
ಇರುವೆ: ಒಂದು ಕೀಟ.
ಇರುವೆ: ಇರುತ್ತೇನೆ.
ಇವರು ಅದನ್ನು ಎರಡು ಸಲ ಓದಿಸಿದರು.

ಈಗ ಕಾಫಿಗೆ ಬೆಲ್ಲ ಇಲ್ಲ.
ಇರುವೆಯ ಮೇಲೂ ಸಿಟ್ಟಿಲ್ಲ. ಅಂದರೆ, ಅಡುಗೆಮನೆಯಲ್ಲಿ ಇದೆ.
ಕಾಚಂಪುಳಿ ಒರೆಸುತ್ತೇನೆ, ಬಚ್ಚಲೊಂದು ಬಿಟ್ಟು.
ಅದು ಮೀಟರು.
ದಿನಾ ರೀಡಿಂಗ್ ತೆಗೆಯುತ್ತೇನೆ.
ಸೊನ್ನೆ. ಸೊನ್ನೆ. ಎರಡು, ದಾರಿ ತಪ್ಪಿದವು ಇರಬೇಕು.
ಹೋದ ಸೋಮವಾರ ಮಾತ್ರ ಸಾಲಿಗೆ ಸಾಲು.

'ನಿನ್ನೆ ಎಲ್ಲಿ ತಿಂದಿರಿ?'
'ಬಿಟ್ಟಂಗಾಲದಲ್ಲಿ ಮದುವೆ ಮನೆಯ ಫ್ಯೂಸು ಹೋಗಿತ್ತು…
ಒಂದು ಲೋಟ ಪಾಯಸ. ಯಾರು ಹೇಳಿದ್ದು?'
ಗೋಡೆ ತೋರಿಸಿದೆ.
ಚಾಡಿ ಹೇಳಿದ ತಮ್ಮನನ್ನು ಅಣ್ಣ ನೋಡುವ ಹಾಗೆ
ಗೋಡೆಯನ್ನು ನೋಡಿದರು.

ಮಂಗಳವಾರ ಬೆಳಿಗ್ಗೆ ಟಾರ್ಚು ಬಿಟ್ಟರೆ
ಬಚ್ಚಲ ಸುತ್ತ ಬಿಳಿ ಗೆರೆ.
ನನ್ನ ಸೀಮೆಸುಣ್ಣ, ಇವರ ಕೈ.
ನೇರ, ಕಂಬ ನೆಟ್ಟು ಎಳೆದ ಹಾಗೆ.
ಹೊಸಿಲ ಮೂಲೆಯಲ್ಲಿ ಮಾತ್ರ ಅರ್ಧ ಇಂಚು ಖಾಲಿ.
ಸೀಮೆಸುಣ್ಣ ಮುಗಿದಿತ್ತೋ,
ಬೇಕೆಂದೇ ಬಿಟ್ಟರೋ.
ಕೇಳಲಿಲ್ಲ.
ಒಂದು ಇರುವೆ ಅಲ್ಲಿ ನಿಂತು
ಮೀಸೆ ತಿರುವುತ್ತಿತ್ತು.