ಮೀನಿನ ತಕ್ಕಡಿ

ಲೈಡನ್ ನಗರ, ಒಂದು ಮಾಗಿ

ಉಪ್ಪುನೀರು ಮೊದಲು, ನೇಲ್ಟ್ಯೆ. ತಣ್ಣಗಿರಬೇಕು.
ಮೊದಲೇ ಬಿಸಿ ಸುರಿದೆಯೋ, ನೆತ್ತರು ಮರಕ್ಕೆ ಕಚ್ಚಿಕೊಳ್ಳುತ್ತೆ,
ಜಪ್ಪಯ್ಯ ಅಂದರೂ ಏಳೋದಿಲ್ಲ.
ಇದು ಅವರ ಪುಸ್ತಕದಲ್ಲಿಲ್ಲ.
ನನ್ನ ಕೈಗೆ ಗೊತ್ತು.

ನೋಡು, ಆರು ಸುತ್ತು ಬೆಂಚು, ಬಾವಿಯ ಹಾಗೆ.
ತಳದಲ್ಲಿ ತಿರುಗುವ ಮೇಜು.
ಹೆಣ ಕೊಳೆಯಬಾರದಲ್ಲ, ಚಳಿ ಬಿದ್ದ ಮೇಲೇ ಪಾಠ.
ವಾಸನೆ ತಡೆಯಲಾರದೆ ಹುಡುಗರು ಕಿತ್ತಳೆ ಸುಲಿಯುತ್ತಾರೆ.
ಸಿಪ್ಪೆ ನಮ್ಮ ಪಾಲು.

ಮೊನ್ನೆ ಪ್ರೊಫೆಸರ್ ಎಲ್ಸ್‌ಲಾಂಡ್ ಹೇಳುತ್ತಿದ್ದರು,
ನಾನು ಬಾಗಿಲ ಮರೆಯಲ್ಲಿ, ಪೊರಕೆಯ ಹಿಡಿಗೆ ಗಲ್ಲ ಊರಿ:
ದೇಹ ಒಂದು ಗಡಿಯಾರವಂತೆ. ಆತ್ಮವೇ ಬೇರೆಯಂತೆ.
ಅದಕ್ಕೆ ಉದ್ದ ಅಗಲ ಇಲ್ಲ, ತೂಕ ಇಲ್ಲ,
ಲಂಗವೂ ಇಲ್ಲ, ಷರಾಯಿಯೂ ಇಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ ಕಣೆ.
ಅಲ್ಲ, ಐವತ್ತೆರಡು ವರ್ಷ
ಹೆಂಗಸು ಹೆಂಗಸು ಅಂತ ಬೈಸಿಕೊಂಡಿದ್ದು ಬರೀ ಹೊದಿಕೆಯೇ?
ಒಳಗಿನವಳು, ಅಲ್ಲಲ್ಲ, ಒಳಗಿನದು
ಆ ಬೆಂಚಿನ ಮೇಲೆ ಕೂರಬಹುದಿತ್ತೇ?
ಲ್ಯಾಟಿನ್ ಕಲಿತು, ಕಿತ್ತಳೆ ಸುಲಿದು, ಸಿಪ್ಪೆ ಎಸೆಯಬಹುದಿತ್ತೇ?
ಕತ್ತಲಲ್ಲಿ ಒಬ್ಬಳೇ ನಕ್ಕೆ.
ಎಷ್ಟೋ ವರ್ಷ ತಡವಾಗಿ ಬಂದ ಕಾಗದ,
ವಿಳಾಸ ಮಾತ್ರ ಸರಿಯಾಗೇ ಇತ್ತು.

ಬುಧವಾರ ಕಾಲುವೆಯಲ್ಲಿ ಸಿಕ್ಕ ಹುಡುಗಿಯನ್ನು ತಂದರು.
ಹೆಸರು ಯಾರಿಗೂ ಗೊತ್ತಿಲ್ಲ.
ಹಿಂದಿನ ದಿನ ನೇಣಿಗೇರಿದ ಕುದುರೆಗಳ್ಳ ಇದ್ದೇ ಇದ್ದ.
ಇಬ್ಬರ ಮಿದುಳನ್ನೂ ತೂಗಬೇಕಂತೆ.
ಅವರ ತಕ್ಕಡಿಯ ಕೊಂಡಿ ಮುರಿದಿತ್ತು, ನನ್ನದು ಕೇಳಿದರು.
ನಿಮ್ಮ ಮಾವ ಸತ್ತ ಮೇಲೆ ಉಳಿದಿದ್ದು ಅದೊಂದೇ,
ಮೀನು ತೂಗುವ ತಕ್ಕಡಿ.

ಎಡತಟ್ಟೆಯಲ್ಲಿ ಕಳ್ಳ. ಬಲತಟ್ಟೆಯಲ್ಲಿ ಹುಡುಗಿ.
ಕಳ್ಳ ಇಳಿದ. ಎರಡು ಹೆರಿಂಗ್ ಮೀನಿನಷ್ಟು.
"ನೋಡಿದಿರಾ," ಅಂದರು ಪ್ರೊಫೆಸರು,
"ಹೆಣ್ಣಿನ ಬುದ್ಧಿ ಕಿರಿದಾಗಲು ಕಾರಣ."
ನಲವತ್ತು ಗರಿ ಒಟ್ಟಿಗೇ ಕಾಗದದ ಮೇಲೆ ಕೆರೆದವು.

ನಿಮ್ಮ ಮಾವ ಎಡತಟ್ಟೆಯ ಅಡಿಗೆ ಸೀಸ ಮೆತ್ತಿದ್ದ.
ಗಿರಾಕಿಗೆ ಪ್ರತಿಸಲವೂ ಒಂದು ಹೆರಿಂಗ್ ಮೋಸ.
ಬಾಯಿಗೆ ಬಂತು, ನುಂಗಿಕೊಂಡೆ.
ಸತ್ತವನ ಮಾನ, ನನ್ನ ಕೂಲಿ.
ಅದನ್ನು ಕಳೆದರೂ ಇನ್ನೊಂದು ಹೆರಿಂಗ್ ಉಳಿಯುತ್ತೆ, ನಿಜ.
ಉಳಿಯಲಿ ಬಿಡು.
ತೂಕವೇ ಇಲ್ಲದ್ದು ಅಂದಿದ್ದು ಯಾರು?
ಸೋಮವಾರ ಆತ್ಮ, ಬುಧವಾರ ಮೀನು!

ಆದರೂ ಒಂದು ಮಾತು ಗಂಟಲಲ್ಲೇ ಇದೆ.
ಅವರೆಲ್ಲ ಹೋದ ಮೇಲೆ ಆ ಹುಡುಗಿಯನ್ನು ತೊಳೆದವಳು ನಾನು.
ಎದೆಯಲ್ಲಿ ಹಾಲಿತ್ತು, ನೇಲ್ಟ್ಯೆ.
ನಲವತ್ತು ಗರಿಗಳಲ್ಲಿ ಒಂದೂ ಅದನ್ನು ಬರೆದುಕೊಂಡಿರಲಿಲ್ಲ.
ಬಟ್ಟೆ ಒತ್ತಿ ಹಿಡಿದಾಗ ನನ್ನ ಎದೆ,
ಹತ್ತೊಂಬತ್ತು ವರ್ಷದ ಹಿಂದೆ ಬತ್ತಿದ್ದು,
ಝುಮ್ಮೆಂದಿತು.

ಝುಮ್ಮೆಂದಿದ್ದು ಗಡಿಯಾರವೋ?
ಅಳತೆಗೆ ಸಿಗದ ಆ ಇನ್ನೊಂದೋ?
ಎರಡರ ನಡುವೆ ಹೊಲಿಗೆ ಹುಡುಕಿದೆ, ಸಿಗಲಿಲ್ಲ.
ಲಂಗ ಬಿಚ್ಚಿಟ್ಟು ಬಾ, ಬೆಂಚು ಕೊಡುತ್ತೇವೆ ಅಂದರೆ
ಓಡಿಹೋಗುತ್ತಿದ್ದೆನೇನೋ.
ಆದರೆ ಉಪ್ಪುನೀರು ಮೊದಲು ಅನ್ನುವ ಈ ಕೈ
ಹೊರಗೇ ಉಳಿದರೆ
ಒಳಗೆ ಕೂತದ್ದು ಯಾರು?

ಸಾಕು, ಈಗ ಬಿಸಿ ಸುರಿ. ಮೂಲೆ ಬಿಡಬೇಡ.
ಬೇಗ ಮುಗಿಸೋಣ.
ಕಾಲುವೆ ಬೀದಿಯಲ್ಲಿ ಐದು ಮನೆಯ ಬಾಗಿಲು ತಟ್ಟಿ ಬಂದಿದ್ದೇನೆ,
ಹಾಲಿಗೆ ಅಳುವ ಮಗು ಇದೆಯಾ ಅಂತ.
ಆರನೆಯದು ಉಳಿದಿದೆ.