ಒಂದಗುಳು

ಒಂದಗುಳು ಹಿಚುಕಿದರೆ ಇಡೀ ಅನ್ನದ ಹದ ಗೊತ್ತಾಗುತ್ತದೆ
ಎನ್ನುತ್ತಿದ್ದಳು ಅವ್ವ, ಸೌಟಿನ ತುದಿಯಿಂದ ಒಂದನ್ನೇ ಎತ್ತಿ.
ಇಲ್ಲಿ ಹಾಗಲ್ಲ ಅವ್ವಾ.
ಇಲ್ಲಿ ಒಂದು ಬೆಂದಿದ್ದರೆ ಪಕ್ಕದ್ದು ಕಲ್ಲು.
ಒಂದೊಂದನ್ನೂ ಹಿಚುಕಬೇಕು,
ಅದಕ್ಕೇ ಗಂಟೆಗಿಷ್ಟೆಂದು ಸಂಬಳ.

ಜುಲೈ ತಿಂಗಳ ಜೀಲಾಂಗ್. ಕೊಲ್ಲಿಯ ಗಾಳಿ
ಆಫೀಸಿನ ಕಿಟಕಿಯ ಸಂದಿಯಲ್ಲಿ ಸಿಳ್ಳೆ ಹಾಕುತ್ತಿದೆ.
ಮನೆಬಿಟ್ಟು ಏಳಲಾಗದವರ ಬಾಗಿಲಿಗೆ ಬಿಸಿಯೂಟ ಮುಟ್ಟಿಸುವ
ನಗರಸಭೆಯ ಹೊಸ ವೆಬ್‌ಸೈಟು ಗುರುವಾರ ಬೆಳಿಗ್ಗೆ ತೆರೆಯಬೇಕು.
ಕೇಕಿಗೆ ಹೇಳಿಯಾಗಿದೆ, ಅದರ ಮೇಲೆ ಬರೆಸುವ ಅಕ್ಷರಕ್ಕೂ.
ಕೂಸು ಹುಟ್ಟುವ ಮುಂಚೆ ಕುಲಾವಿ.
ಇಂದಿನ್ನೂ ಸೋಮವಾರ.

ನನ್ನ ಕೆಲಸ ತಪ್ಪು ಮಾಡುವುದು, ಶ್ರದ್ಧೆಯಿಂದ.
ಫೋನ್ ನಂಬರಿನ ಜಾಗದಲ್ಲಿ ಬದನೆಕಾಯಿ ಎಂದು ಬರೆಯುತ್ತೇನೆ.
ಹುಟ್ಟಿದ ದಿನ: ಬರಲಿರುವ ಶುಕ್ರವಾರ.
ಆಮೇಲೆ ಫೆಬ್ರವರಿ ಮೂವತ್ತು.
ಒತ್ತಬೇಕಾದ ಗುಂಡಿಯನ್ನು ಎರಡು ಸಲ, ಒತ್ತಬಾರದ್ದನ್ನು ಮೂರು ಸಲ,
ಹಣ ಕಟ್ಟುವ ನಟ್ಟನಡುವೆ ಹಿಂದಕ್ಕೆ ಓಟ.
ಸಂತೆಯಲ್ಲಿ ಮಡಕೆ ಕೊಳ್ಳುವವಳ ಹಾಗೆ
ಗೆಣ್ಣಿನಿಂದ ಸುತ್ತಲೂ ತಟ್ಟಿ ಕಿವಿಗೊಡುತ್ತೇನೆ,
ಎಲ್ಲಿ ದನಿ ಒಡೆಯುತ್ತದೋ ಎಂದು.

ಬಿರುಕು ಬಿಟ್ಟ ಹಳೆಯ ಫೋನಿನಲ್ಲಿ ನೋಡಿದರೆ
'ಉಪ್ಪು ಬೇಡ' ಎಂಬುದು ಪರದೆಯ ಅಂಚಿನಾಚೆ ಬಿದ್ದಿದೆ.
ರಕ್ತದೊತ್ತಡದವರು ಕತ್ತು ಚಾಚಿ ಇಣುಕಬೇಕೇನು?
ಬಿಳಿಯ ಮೇಲೆ ತಿಳಿಬೂದಿ ಅಕ್ಷರ;
ಪೊರೆ ಬಂದ ಕಣ್ಣಿಗೆ ಬರೀ ಖಾಲಿ ಹಾಳೆ.
ಲ್ಯೂಬಿಟ್ಸಾ ಬಾರಿಶಿಚ್ ಎಂದು ಅವಳ ಲಿಪಿಯಲ್ಲೇ ಹಾಕಿದೆ:
ಅಕ್ಷರಗಳ ನೆತ್ತಿಯ ಗುರುತು ಕಳಚಿ
ಹೆಸರಿನೊಳಗೆ ಎರಡು ಪ್ರಶ್ನೆಚಿಹ್ನೆ ಕೂತವು.
ಇದನ್ನು ಕಟ್ಟಿದ ಲಾಕ್ಲನ್ ಕುರ್ಚಿ ತಿರುಗಿಸಿ ಕೇಳಿದ,
'ಹಾಗೆಲ್ಲ ಯಾರು ಬರೆಯುತ್ತಾರೆ?'
'ಹಾಗೆ ಹೆಸರಿರುವವರು' ಅಂದೆ.

ಸಂಜೆಯ ಹೊತ್ತಿಗೆ ನೀಲವ್ವನನ್ನು ಹುಟ್ಟಿಸಿದೆ.
ವಯಸ್ಸು ತೊಂಬತ್ತೊಂದು. ಹಲ್ಲಿಲ್ಲ. ಮೆತ್ತಗಿನ ಊಟ.
ಮನೆತನದ ಹೆಸರಿಲ್ಲ. ಕೆಂಪಕ್ಷರ ಗದರಿತು: ಕಡ್ಡಾಯ.
ಒಂದು ಚುಕ್ಕಿ ಇಟ್ಟೆ. ಒಪ್ಪಿಕೊಂಡಿತು.
(ಒಪ್ಪಿದ್ದೂ ತಪ್ಪೇ. ಬರೆದಿಟ್ಟೆ, ನಲವತ್ತೆಂಟನೆಯದು.)
ವಿಳಾಸ ಬೇಕಲ್ಲ, ಹೊಳೆದದ್ದು ನನ್ನದೇ:
ನೊರ್ಲೇನ್, ಹಿಂದಿನ ಬಾಗಿಲು,
ಕರೆಗಂಟೆ ಕೆಟ್ಟಿದೆ, ಜೋರಾಗಿ ತಟ್ಟಿ.

ಮಂಗಳವಾರ ಮನೆಯಿಂದಲೇ ಕೆಲಸ.
ಹನ್ನೆರಡೂ ಕಾಲಿಗೆ ಹಿಂದಿನ ಬಾಗಿಲನ್ನು ಯಾರೋ ಜೋರಾಗಿ ತಟ್ಟಿದರು.
ಹಳದಿ ಅಂಗಿ, ಎದೆಯ ಮೇಲೆ ಡೆಸ್ಮಂಡ್ ಎಂಬ ಚೀಟಿ,
ಕೈಯಲ್ಲಿ ಬೆಳ್ಳಿಹಾಳೆ ಮುಚ್ಚಿದ ತಟ್ಟೆ.
'ನೀಲಾ... ವಾ?' ಎಂದು ಎಡವುತ್ತ ಓದಿ
ಕೊನೆಯ ಚುಕ್ಕಿಯ ಹತ್ತಿರ ತುಸು ನಿಂತರು.
ಹೌದೆಂದೆ. ಮತ್ತೇನು ಹೇಳಲಿ?
'ತೊಂಬತ್ತೊಂದು ಅನ್ನಿಸುವುದೇ ಇಲ್ಲ ಬಿಡಿ' ಎಂದರು,
ಮೆಟ್ಟಿಲು ಜಾರುತ್ತದೆ ಹುಷಾರು ಎಂದೂ.

ನುರಿದ ಆಲೂಗಡ್ಡೆ, ಬಟಾಣಿ, ಕುಂಬಳದ ಸೂಪು, ಕಸ್ಟರ್ಡು.
ಯಾವುದಕ್ಕೂ ಹಲ್ಲು ಬೇಡ.
ಒಂದು ಬಟಾಣಿ ಎತ್ತಿ ಎರಡು ಬೆರಳ ನಡುವೆ ಹಿಚುಕಿದೆ.
ಬೆಂದಿತ್ತು.
ಆರುವ ಮುಂಚೆ ತಿಂದು, ಕೈತೊಳೆದು, ಬರೆದೆ:

ತಪ್ಪು ಸಂಖ್ಯೆ ಅರವತ್ತೊಂದು. ತೀವ್ರತೆ: ಎಲ್ಲಕ್ಕಿಂತ ಹೆಚ್ಚು.
ಪರೀಕ್ಷೆಯ ಊಟಗಳು ನಿಜವಾದ ಅಡುಗೆಮನೆಗೆ ಹೋಗುತ್ತಿವೆ.
ಸುಳ್ಳು ಹೆಸರಿಗೂ ಒಲೆ ಹಚ್ಚುತ್ತಿದ್ದಾರೆ.
ಉಳಿದ ಮೂವತ್ತು ತಟ್ಟೆಗಳು ಈಗ
ಯಾವ ಬೀದಿಯಲ್ಲಿ ಯಾರ ಬಾಗಿಲು ಹುಡುಕುತ್ತಿವೆಯೋ ತಿಳಿಯದು.
ಆಗಬೇಕಾದದ್ದು: ಯಾರೂ ಬರಬಾರದು.
ಆದದ್ದು: ಬಂದರು. ಬಿಸಿಯಿತ್ತು.

ಲಾಕ್ಲನ್ ಸಂಜೆಗೇ ಸರಿಪಡಿಸಿದನಂತೆ.
ಅಂತೆಕಂತೆಗಳನ್ನು ನಂಬುವ ಕೆಲಸವಲ್ಲ ನನ್ನದು.
ನೀಲವ್ವನ ಹೆಸರಲ್ಲಿ ಇನ್ನೊಂದು ಊಟ ಹೇಳಿದ್ದೇನೆ.
ನಾಳೆ ಹನ್ನೆರಡೂ ಕಾಲಿಗೆ
ಹಿಂದಿನ ಬಾಗಿಲ ಬಳಿ ನಿಂತು ನೋಡಬೇಕು.